ಓದುಗರ ಪ್ರಶ್ನೆ: ಸಿಗಡಿ ಮೊಟ್ಟೆಯಿಡುವ ಕಾಲ ಯಾವುದು?

ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧಕ್ಕಾಗಿ ಜೂನ್ 1ರಿಂದ ಯಾಂತ್ರೀಕೃತ ದೋಣಿಗಳೆಲ್ಲ ದಡ ಸೇರಿರುವ ಈ ದಿನಗಳಲ್ಲಿ ಕರಾವಳಿಯ ಓದುಗರಿಂದ ಬಂದಿರುವ ಪತ್ರಗಳ ಪೈಕಿ ಹೆಚ್ಚಿನವು ಸಿಗಡಿಯನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಸಿಗಡಿಯ ಸಿಪ್ಪೆ ಸುಲಿದು ಬೆನ್ನಿನ ಕಪ್ಪು ನರ ತೆಗೆಯುವಾಗ ಕೆಲವೊಮ್ಮೆ ಅದರ ಜೊತೆಗೆ ಹಸಿರು ಬಣ್ಣದ ದಪ್ಪ ಪಟ್ಟಿಯೊಂದು ಕಾಣುತ್ತದೆ. ತಲೆಯ ಕಡೆಗೆ ಅದು ಇನ್ನೂ ದಪ್ಪವಾಗಿರುತ್ತದೆ. ಸಿಗಡಿ ಕೆಟ್ಟಿದೆಯೆಂದು ತಿಳಿದು ಅಂಥವನ್ನು ಎಸೆಯುತ್ತಿದ್ದೇವೆ. ಇದು ಸರಿಯೇ?
— ಗೃಹಿಣಿ, ಉಡುಪಿ

ಎಸೆಯಬೇಕಾಗಿಲ್ಲ. ಕಪ್ಪು ನರವೆಂದು ತಾವು ಬರೆದಿರುವುದು ಸಿಗಡಿಯ ಕರುಳು. ಅದರೊಳಗೆ ಕೆಸರೂ ಹೊಲಸೂ ಇರುವುದರಿಂದ ಅದನ್ನು ತೆಗೆಯುವುದು ಒಳ್ಳೆಯದೇ. ಅದಕ್ಕೆ ಅಂಟಿಕೊಂಡಂತೆ ಕಾಣುವ ಹಸಿರು ಪಟ್ಟಿ ಹೆಣ್ಣು ಸಿಗಡಿಯ ಅಂಡಾಶಯ. ತಲೆಯ ಚಿಪ್ಪಿನೊಳಗೆ ಹಲವು ಹಾಲೆಗಳಾಗಿ ಹರಡಿಕೊಂಡು, ಅಲ್ಲಿಂದ ಎರಡು ಎಳೆಗಳಾಗಿ ಬೆನ್ನಿನುದ್ದಕ್ಕೂ ಬಾಲದವರೆಗೆ ಸಾಗುವ ಈ ಅಂಗವು ಎಳೆಯ ಸಿಗಡಿಯಲ್ಲಿ ಬಣ್ಣವಿಲ್ಲದೆ ಇರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಮೊಟ್ಟೆಗಳಲ್ಲಿ ಪೋಷಕಾಂಶ ತುಂಬುತ್ತ ಬಂದ ಹಾಗೆ ಅದು ಮಾಸಲು ಬಿಳಿ, ಹಳದಿ, ತಿಳಿಹಸಿರು ಬಣ್ಣಗಳಿಗೆ ತಿರುಗಿ, ಪೂರ್ತಿ ಬಲಿತಾಗ ಕಡುಹಸಿರಾಗುತ್ತದೆ. ತೆಳುಚಿಪ್ಪಿನ ಬಿಳಿ ಸಿಗಡಿಯನ್ನು ಸುಲಿಯುವ ಮೊದಲು ಬೆಳಕಿಗೆ ಹಿಡಿದು ನೋಡಿದರೂ ಈ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಮೀನುಗಾರಿಕಾ ವಿಜ್ಞಾನಿಗಳು ಬಂದರಿನಲ್ಲಿ ಸಿಗಡಿಯ ರಾಶಿಯ ಮುಂದೆ ಕುಳಿತು ಮಾಡುವುದೂ ಬಹುಮಟ್ಟಿಗೆ ಇದನ್ನೇ: ಅಂಡಾಶಯದ ಬಣ್ಣವನ್ನೂ ದಪ್ಪವನ್ನೂ ನೋಡಿ, ಬಲಿಯದ್ದು, ಬಲಿಯತೊಡಗಿದ್ದು, ಮುಕ್ಕಾಲು ಬಲಿತದ್ದು, ಪೂರ್ತಿ ಬಲಿತದ್ದು, ಮೊಟ್ಟೆಯಿಟ್ಟು ಬರಿದಾದದ್ದು ಎಂದು ಐದು ಹಂತಗಳಾಗಿ ವಿಂಗಡಿಸುತ್ತಾರೆ. ಯಾವ ತಿಂಗಳಿನಲ್ಲಿ ಯಾವ ಜಾತಿ ಮೊಟ್ಟೆಯಿಡುತ್ತದೆ ಎಂಬ ತಿಳಿವಳಿಕೆಯ ಬಹುಪಾಲು ಹೀಗೆ ಎಣಿಸಿಟ್ಟ ಲೆಕ್ಕಗಳಿಂದ ಬಂದದ್ದು.

ಬೇಯಿಸಿದಾಗ ಹಸಿರು ಮಾಯವಾಗಿ ಕಿತ್ತಳೆಗೆಂಪು ಬರುತ್ತದೆ. ಸಿಗಡಿ ಕೆಟ್ಟಿದೆಯೇ ಎಂದು ತಿಳಿಯಲು ವಾಸನೆಯನ್ನೂ ತಲೆಯ ಬುಡ ಸಡಿಲಾಗಿದೆಯೇ ಎಂಬುದನ್ನೂ ನೋಡಬೇಕೇ ಹೊರತು ಈ ಪಟ್ಟಿಯನ್ನಲ್ಲ.

ಪ್ರಶ್ನೆ: ಹೊಳೆಯ ಸಿಗಡಿಯ ಹೊಟ್ಟೆಯಡಿಯಲ್ಲಿ ಮೊಟ್ಟೆಯ ಗೊಂಚಲು ಇರುವುದನ್ನು ನೋಡಿದ್ದೇನೆ. ಸಮುದ್ರದ ಸಿಗಡಿಯಲ್ಲಿ ಒಮ್ಮೆಯೂ ಕಂಡಿಲ್ಲ. ಏಕೆ?
— ಪಿ.ಯು. ವಿದ್ಯಾರ್ಥಿ, ಅಂಕೋಲಾ

ಇವೆರಡೂ ಸಿಗಡಿಗಳೇ ಆದರೂ ಬೇರೆ ಬೇರೆ ವಂಶದವು. ಹೊಳೆಯ ದೊಡ್ಡ ಸಿಗಡಿಯಾದ ಮ್ಯಾಕ್ರೋಬ್ರಾಕಿಯಂ ರೋಸನ್‌ಬರ್ಗಿ ತನ್ನ ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಸಿಕೊಂಡು ವಾರಗಟ್ಟಲೆ ಹೊತ್ತು ತಿರುಗುತ್ತದೆ. ಮೊದಲು ಕಿತ್ತಳೆಯಾಗಿದ್ದ ಮೊಟ್ಟೆ ಮರಿಯಾಗುವ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಅದರ ಮರಿಗಳಿಗೆ ಸವಳು ನೀರು ಬೇಕಾದ್ದರಿಂದ ತಾಯಿ ಹೊಳೆಯಲ್ಲಿ ಕೆಳಗಿಳಿದು ಅಳಿವೆಯತ್ತ ಬರುತ್ತದೆ.

ನಮ್ಮ ಸಮುದ್ರದಲ್ಲಿ ಹೆಚ್ಚಾಗಿ ಹಿಡಿಯುವ ಪೀನಿಯಿಡ್ ವಂಶದ ಸಿಗಡಿಗಳು ಮೊಟ್ಟೆಯನ್ನು ಹೊರುವುದೇ ಇಲ್ಲ. ನೇರವಾಗಿ ನೀರಿಗೆ ಬಿಟ್ಟುಬಿಡುತ್ತವೆ. ಗಂಡಿನ ಮೊದಲ ಜೊತೆ ಈಜುಗಾಲುಗಳ ಒಳ ಅಂಚುಗಳು ಒಂದಕ್ಕೊಂದು ಕೂಡಿಕೊಂಡು ಪೆಟಾಸ್ಮಾ ಎಂಬ ಅಂಗವಾಗಿರುತ್ತವೆ. ಹೆಣ್ಣಿನ ಎದೆಯ ಅಡಿಯಲ್ಲಿ, ಕೊನೆಯ ಎರಡು ಜೊತೆ ನಡೆಗಾಲುಗಳ ನಡುವೆ, ಥೆಲಿಕಂ ಎಂಬ ಸಣ್ಣ ಫಲಕವಿದೆ. ಸಿಗಡಿಯನ್ನು ಅಂಗಾತ ಮಲಗಿಸಿ ಭೂತಗನ್ನಡಿಯಲ್ಲಿ ನೋಡಿದರೆ ಗಂಡು ಯಾವುದು, ಹೆಣ್ಣು ಯಾವುದು ಎಂಬುದನ್ನು ತಾವೇ ಗುರುತಿಸಬಹುದು. ಪ್ರಾಯೋಗಿಕ ಪರೀಕ್ಷೆಗೆ ಇದಕ್ಕಿಂತ ಅಗ್ಗದ ಮಾದರಿ ಸಿಗಲಾರದು. ಬಿಳಿ ಸಿಗಡಿ, ಟೈಗರ್ ಸಿಗಡಿ ಮುಂತಾದವುಗಳಲ್ಲಿ ಹೆಣ್ಣು ಹಳೆಯ ಚಿಪ್ಪನ್ನು ಕಳಚಿ, ಹೊಸ ಚಿಪ್ಪು ಇನ್ನೂ ಮೆತ್ತಗಿರುವಾಗ ಕೂಡುವಿಕೆ ನಡೆಯುತ್ತದೆ. ಗಂಡು ಒಪ್ಪಿಸಿದ ವೀರ್ಯದ ಪೊಟ್ಟಣ ಥೆಲಿಕಂನೊಳಗೆ ಭದ್ರವಾಗಿ ಉಳಿಯುತ್ತದೆ. ಮೊಟ್ಟೆ ಬಲಿತ ಮೇಲೆ, ಸಾಮಾನ್ಯವಾಗಿ ರಾತ್ರಿಯ ಹೊತ್ತು, ಹೆಣ್ಣು ಈಜುತ್ತ ಈಜುತ್ತ ಮೂರನೆಯ ಜೊತೆ ನಡೆಗಾಲುಗಳ ಬುಡದಲ್ಲಿರುವ ರಂಧ್ರಗಳಿಂದ ಮೊಟ್ಟೆಗಳನ್ನು ಚೆಲ್ಲುತ್ತದೆ, ಅದೇ ಕ್ಷಣದಲ್ಲಿ ಕೂಡಿಟ್ಟ ವೀರ್ಯವನ್ನೂ ಬಿಡುತ್ತದೆ. ಫಲೀಕರಣ ನಡೆಯುವುದು ನೀರಿನಲ್ಲಿ. ಅಷ್ಟರೊಳಗೆ ಮೊಟ್ಟೆಯಿಡದೆ ಮತ್ತೊಮ್ಮೆ ಚಿಪ್ಪು ಕಳಚಿದರೆ ವೀರ್ಯವೂ ಚಿಪ್ಪಿನೊಡನೆ ಹೋಗುತ್ತದೆ; ಹೊಸದಾಗಿ ಕೂಡಬೇಕಾಗುತ್ತದೆ.

ಕಾಲು ಮಿಲಿಮೀಟರಿನಷ್ಟಿರುವ ಈ ಮೊಟ್ಟೆಗಳು ಬೆಚ್ಚಗಿನ ನೀರಿನಲ್ಲಿ 12ರಿಂದ 18 ಗಂಟೆಗಳಲ್ಲಿ ಒಡೆಯುತ್ತವೆ. ತಾಯಿ ಅಷ್ಟು ಹೊತ್ತಿಗೆ ಎಲ್ಲೋ ಇರುತ್ತದೆ.

ಪ್ರಶ್ನೆ: ಮಳೆಗಾಲ ಸಿಗಡಿ ಮೊಟ್ಟೆಯಿಡುವ ಕಾಲ, ಆದ್ದರಿಂದ 61 ದಿನ ಬಲೆ ಹಾಕಬಾರದು ಎನ್ನುತ್ತಾರೆ. ಆದರೆ ನಮ್ಮ ಬಲೆಗೆ ನವೆಂಬರಿನಲ್ಲೂ ಜನವರಿಯಲ್ಲೂ ಮೊಟ್ಟೆ ತುಂಬಿದ ಸಿಗಡಿ ಬೀಳುತ್ತದೆ. ಒಂದೊಂದು ಸಿಗಡಿ ಲಕ್ಷಗಟ್ಟಲೆ ಮೊಟ್ಟೆಯಿಡುವಾಗ ಅದು ಕಡಿಮೆಯಾಗುವುದಾದರೂ ಹೇಗೆ? ಈ ನಿಷೇಧಕ್ಕೆ ಅರ್ಥವಿದೆಯೇ?
— ಟ್ರಾಲ್ ದೋಣಿ ಮಾಲೀಕರು, ಮಲ್ಪೆ

ತಾವು ಕಂಡಿರುವುದು ನಿಜ. ನಮ್ಮಂತಹ ಬೆಚ್ಚಗಿನ ಸಮುದ್ರದ ಪೀನಿಯಿಡ್ ಸಿಗಡಿಗಳು ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತಲೇ ಇರುತ್ತವೆ. ನಡುವೆ ಒಂದೆರಡು ಬಾರಿ ಅದು ಹೆಚ್ಚುತ್ತದೆ, ಮತ್ತು ಹಲವು ಜಾತಿಗಳಲ್ಲಿ ಈ ಹೆಚ್ಚಳ ಕಾಣುವುದು ಮಳೆಗಾಲ ಕಳೆದ ಮೇಲೆ. ಮಳೆಗಾಲವೇ ಸಿಗಡಿಯ ಸಂತಾನಕಾಲ ಎಂಬ ಮಾತು ಬೂತಾಯಿಯಂತಹ ಮೀನುಗಳಿಗೆ ಒಪ್ಪುವಷ್ಟು ಸಿಗಡಿಗೆ ಒಪ್ಪುವುದಿಲ್ಲ. ಹೇಳಲು ಸುಲಭ ಎಂಬ ಕಾರಣಕ್ಕೆ ಅದನ್ನು ಭಾಷಣಗಳಲ್ಲೂ ಪ್ರಕಟಣೆಗಳಲ್ಲೂ ಮತ್ತೆ ಮತ್ತೆ ಹೇಳಲಾಗುತ್ತಿದೆ. ಅದರಿಂದ ಆಗಿರುವ ಹಾನಿಯೆಂದರೆ, ಜನವರಿಯಲ್ಲಿ ಹಸಿರು ಪಟ್ಟಿಯ ಸಿಗಡಿಯನ್ನು ಕಣ್ಣಾರೆ ಕಂಡ ಮೀನುಗಾರರು ನಿಷೇಧವೇ ಸುಳ್ಳಿನ ಮೇಲೆ ನಿಂತಿದೆ ಎಂದು ತೀರ್ಮಾನಿಸುತ್ತಾರೆ. ನಿಷೇಧಕ್ಕೆ ಅರ್ಥವಿದೆ, ಆದರೆ ಅದು ಬೇರೆ ಕಾರಣಕ್ಕಾಗಿ.

ಮೊದಲು ಮೊಟ್ಟೆಯ ಲೆಕ್ಕ. ಮೆಟಪೀನಿಯಸ್ ಡಾಬ್ಸೋನಿ ಎಂಬ ನಮ್ಮ ಸಣ್ಣ ಸಿಗಡಿಯ ಒಂದು ಹೆಣ್ಣಿನಲ್ಲಿ ಸುಮಾರು 34 ಸಾವಿರದಿಂದ 1.6 ಲಕ್ಷದವರೆಗೆ ಮೊಟ್ಟೆಗಳನ್ನು ಎಣಿಸಿದ್ದಾರೆ. ಬಿಳಿ ಸಿಗಡಿಯಲ್ಲಿ ಸುಮಾರು 70 ಸಾವಿರದಿಂದ 7 ಲಕ್ಷದವರೆಗೆ. ದೊಡ್ಡ ಹೆಣ್ಣಿನಲ್ಲಿ ಹೆಚ್ಚು, ಚಿಕ್ಕದರಲ್ಲಿ ಕಡಿಮೆ. ಈ ಸಂಖ್ಯೆ ಸಮೃದ್ಧಿಯ ಗುರುತಲ್ಲ, ಸಾವಿನ ಪ್ರಮಾಣದ ಗುರುತು. ಸಮುದ್ರದಲ್ಲಿ ಸಿಗಡಿಯ ಸಂಖ್ಯೆ ಹೆಚ್ಚೂಕಡಿಮೆ ಇದ್ದಷ್ಟೇ ಉಳಿಯಬೇಕಾದರೆ ಒಂದು ಹೆಣ್ಣು ಜೀವಮಾನದಲ್ಲಿ ಇಟ್ಟ ಮೊಟ್ಟೆಗಳಲ್ಲಿ ಎರಡು ಮಾತ್ರ ದೊಡ್ಡವಾಗಿ ಮರಿ ಮಾಡಿದರೆ ಸಾಕು. ಉಳಿದುದೆಲ್ಲ ಪ್ರವಾಹಕ್ಕೆ, ಹಸಿವಿಗೆ, ಮೀನಿನ ಬಾಯಿಗೆ. ಆದ್ದರಿಂದ ಲಕ್ಷಗಟ್ಟಲೆ ಮೊಟ್ಟೆ ಎಂಬುದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಮೊಟ್ಟೆಯಿಡುವ ಮುನ್ನವೇ ಬಲೆಗೆ ಬಿದ್ದ ಸಿಗಡಿಗೆ ಆ ಸಂಖ್ಯೆಯಿಂದ ಏನೂ ಆಗುವುದಿಲ್ಲ. ಡಾಬ್ಸೋನಿಯ ಹೆಣ್ಣು ಮೊದಲ ಬಾರಿ ಬಲಿಯುವುದು ಸುಮಾರು 6.4 ಸೆಂ.ಮೀ. ಉದ್ದವಾದಾಗ, ಬಿಳಿ ಸಿಗಡಿ ಸುಮಾರು 13 ಸೆಂ.ಮೀ. ಆದಾಗ. ಬಂದರಿನ ಧಕ್ಕೆಗೆ ಬಂದ ರಾಶಿಯಲ್ಲಿ ಇದಕ್ಕಿಂತ ಚಿಕ್ಕವು ಎಷ್ಟಿವೆ ಎಂಬುದನ್ನು ತಮ್ಮ ದೋಣಿಯವರೇ ಅಳತೆಪಟ್ಟಿ ಹಿಡಿದು ನೋಡಬಹುದು.

ಇನ್ನು ಜೂನ್ ತಿಂಗಳಿನಲ್ಲಿ ಏನಾಗುತ್ತದೆ ಎಂಬುದು. ಸಮುದ್ರದಲ್ಲಿ ಹುಟ್ಟಿ ಒಳಬಂದ ಮರಿಗಳು ತಿಂಗಳುಗಟ್ಟಲೆ ಅಳಿವೆಗಳಲ್ಲಿ ಬೆಳೆದಿರುತ್ತವೆ. ಮುಂಗಾರು ಬಿದ್ದು ಹೊಳೆಗಳು ತುಂಬಿ ಹರಿದಾಗ ಅಳಿವೆಯ ನೀರು ಸಿಹಿಯಾಗಿಬಿಡುತ್ತದೆ, ಮತ್ತು ಅಲ್ಲಿದ್ದ ಅರೆಬೆಳೆದ ಸಿಗಡಿಗಳು ಗುಂಪುಗುಂಪಾಗಿ ಸಮುದ್ರಕ್ಕೆ ಇಳಿದು ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ನೆರೆಯುತ್ತವೆ. ಆ ವಾರಗಳಲ್ಲಿ ಟ್ರಾಲ್ ಬಲೆ (ದೋಣಿಯ ಹಿಂದೆ ಎಳೆದೊಯ್ಯುವ ಚೀಲದಂತಹ ಬಲೆ) ಎಳೆದರೆ ಸಿಗುವುದು ಈ ಎಳೆಯ ಸಿಗಡಿಯೇ. ಎರಡು ತಿಂಗಳು ಬಿಟ್ಟರೆ ಏನು ಲಾಭ ಎಂಬುದಕ್ಕೆ ಸರಳ ಗಣಿತವಿದೆ: ಸಿಗಡಿಯ ತೂಕ ಅದರ ಉದ್ದದ ಘನಕ್ಕೆ ಅನುಗುಣವಾಗಿ ಏರುವುದರಿಂದ, 8 ಸೆಂ.ಮೀ. ಇದ್ದದ್ದು 10 ಸೆಂ.ಮೀ. ಆದರೆ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಷ್ಟರಲ್ಲಿ ಒಂದಷ್ಟು ಸಿಗಡಿಗಳು ಸಹಜವಾಗಿ ಸಾಯುತ್ತವೆ, ನಿಜ. ಆದರೂ ಬೇಗ ಬೆಳೆಯುವ ವಯಸ್ಸಿನಲ್ಲಿ ಕಾಯುವುದು ನಷ್ಟವಲ್ಲ, ಏಕೆಂದರೆ ಕೌಂಟ್, ಅಂದರೆ ಒಂದು ಕಿಲೋಗೆ ತೂಗುವ ಸಿಗಡಿಗಳ ಸಂಖ್ಯೆ, ಇಳಿದಷ್ಟೂ ಕಿಲೋಗೆ ದರ ಏರುತ್ತದೆ. ಉಳಿದವುಗಳಲ್ಲಿ ಹಲವು ಒಮ್ಮೆಯಾದರೂ ಮೊಟ್ಟೆಯಿಟ್ಟೇ ಬಲೆಗೆ ಬೀಳುತ್ತವೆ. ನಿಷೇಧದ ಜೀವಾಳ ಇರುವುದು ಇಲ್ಲಿ. ಸಮುದ್ರ ಪ್ರಕ್ಷುಬ್ಧವಾಗಿರುವ ತಿಂಗಳುಗಳಲ್ಲಿ ಜೀವಹಾನಿ ತಪ್ಪುತ್ತದೆ, ಬೇರೆ ಮೀನುಗಳಿಗೂ ಬಿಡುವು ಸಿಗುತ್ತದೆ ಎಂಬುವು ಅದರ ಜೊತೆಗಿನ ಲಾಭಗಳು.

ಎಲ್ಲ ಜಾತಿಗಳಿಗೂ ಒಂದೇ ತಾರೀಕು ಹೊಂದುವುದಿಲ್ಲ ಎಂಬ ಆಕ್ಷೇಪವೂ ಹಳೆಯದೇ, ಅದರಲ್ಲಿ ಹುರುಳೂ ಇದೆ. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಗೆ ಬರುವ ಹೊತ್ತಿಗೆ ದೊಡ್ಡ ವಾದವಾದದ್ದು ಕರಿಕಾಡಿ ಎಂಬ ಸಿಗಡಿಯ ವಿಷಯದಲ್ಲಿ. ಈ ಜಾತಿ ಅಳಿವೆಗೆ ಬರದೆ ಇಡೀ ಜೀವನವನ್ನು ಸಮುದ್ರದಲ್ಲೇ ಕಳೆಯುತ್ತದೆ, ಮತ್ತು ಕೊಲ್ಲಂ ಬಳಿಯ ನೀಂಡಕರದಲ್ಲಿ ಮಳೆಗಾಲದಲ್ಲೇ ಹೇರಳವಾಗಿ ಸಿಗುತ್ತಿತ್ತು. ಅಲ್ಪಾಯುಷಿಯಾದ ಸಿಗಡಿಯನ್ನು ಆಗ ಹಿಡಿಯದಿದ್ದರೆ ಯಾರಿಗೂ ದಕ್ಕದೆ ಸತ್ತುಹೋಗುತ್ತದೆ ಎಂದು ದೋಣಿ ಮಾಲೀಕರು ವಾದಿಸಿದರು. ಕರಿಕಾಡಿಯೊಂದನ್ನೇ ಆರಿಸಿ ಹಿಡಿಯುವ ಬಲೆ ಇದ್ದಿದ್ದರೆ ಆ ವಾದ ಗೆಲ್ಲಬಹುದಿತ್ತು. ಟ್ರಾಲ್ ಬಲೆ ಹಾಗೆ ಆರಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ ನಿಷೇಧಕ್ಕಿಂತ ಬಲೆಯ ಕಣ್ಣಿನ ಪ್ರಶ್ನೆ ದೊಡ್ಡದು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಉಳಿಸಿದ್ದನ್ನು ಆಗಸ್ಟ್ ಮೊದಲ ವಾರದಲ್ಲೇ ಸಣ್ಣ ಕಣ್ಣಿನ ಬಲೆಯಿಂದ ಬಾಚಿಕೊಂಡರೆ 61 ದಿನ ಕಾದದ್ದು ವ್ಯರ್ಥ. ವಜ್ರಾಕಾರದ ಕಣ್ಣಿನ ಬಲೆಯನ್ನು ದೋಣಿ ಎಳೆಯುವಾಗ, ತರಕಾರಿ ತುಂಬಿದ ಬಲೆಚೀಲವನ್ನು ಎತ್ತಿದಾಗ ಆಗುವಂತೆ, ಕಣ್ಣುಗಳು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತವೆ. ಕಾಗದದ ಮೇಲೆ ಕಣ್ಣಿನ ಅಳತೆ ಎಷ್ಟೇ ಇರಲಿ, ಮರಿಗೆ ಹೊರಬೀಳಲು ದಾರಿ ಇರುವುದಿಲ್ಲ. ಅದೇ ಬಲೆಯನ್ನು ತುದಿಯ ಚೀಲದಲ್ಲಿ ಚೌಕವಾಗಿ ನಿಲ್ಲುವಂತೆ ಕಟ್ಟಿದರೆ ಎಳೆತದಲ್ಲೂ ಕಣ್ಣು ತೆರೆದೇ ಇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದನ್ನು ಬಹುಕಾಲದಿಂದ ಪ್ರಚಾರ ಮಾಡುತ್ತಿದೆ, 35 ಮಿ.ಮೀ. ಚೌಕ ಕಣ್ಣು ಎಂಬುದು ನಮ್ಮ ಬಂದರುಗಳಲ್ಲೂ ಕೇಳಿರದ ಮಾತೇನಲ್ಲ. ಪಾಲನೆ ಕಡಿಮೆ, ಅಷ್ಟೆ. ಪಕ್ಕದ ದೋಣಿ ಸಣ್ಣ ಕಣ್ಣಿನ ಬಲೆ ಹಾಕುವಾಗ ತಾನೊಬ್ಬ ಏಕೆ ಬಿಡಬೇಕು ಎಂಬ ಪ್ರಶ್ನೆಗೆ ಒಬ್ಬೊಬ್ಬ ಮಾಲೀಕನಲ್ಲಿ ಉತ್ತರವಿಲ್ಲ. ಬಂದರಿನ ಸಂಘವೇ ಒಟ್ಟಾಗಿ ತೀರ್ಮಾನಿಸಬೇಕು. ಬಲೆಗೆ ಬಿದ್ದ ಎಳೆಯ ಮೀನನ್ನೂ ಸಿಗಡಿಯನ್ನೂ ಫಿಶ್‌ಮೀಲ್ (ಮೀನಿನ ಹಿಟ್ಟು) ಕಾರ್ಖಾನೆ ಕೊಳ್ಳುವವರೆಗೆ ಆ ತೀರ್ಮಾನ ಕಷ್ಟವೇ ಎಂಬುದನ್ನೂ ಒಪ್ಪಬೇಕು.

ಪ್ರಶ್ನೆ: ಅಳಿವೆಯ ಬದಿಯ ನಮ್ಮ ಗಜನಿ ಗದ್ದೆಗಳಿಗೆ ಉಬ್ಬರದ ನೀರಿನೊಡನೆ ಸಿಗಡಿ ಮರಿ ತಾನಾಗಿಯೇ ಬರುತ್ತದೆ. ಈ ಮರಿಗಳು ಹುಟ್ಟುವುದು ಹೊಳೆಯಲ್ಲೋ ಸಮುದ್ರದಲ್ಲೋ? ಈಚೆಗೆ ಮೊದಲಿನಷ್ಟು ಬರುತ್ತಿಲ್ಲ, ಏಕೆ?
— ಕೃಷಿಕರು, ಕುಮಟಾ ತಾಲ್ಲೂಕು

ಹುಟ್ಟುವುದು ಸಮುದ್ರದಲ್ಲಿ. ಮೊಟ್ಟೆಯೊಡೆದು ಬರುವ ಮೊದಲ ರೂಪಕ್ಕೆ ನಾಪ್ಲಿಯಸ್ ಎಂದು ಹೆಸರು. ಅದು ಆರು ಬಾರಿ ರೂಪ ಬದಲಿಸುವ ಸುಮಾರು ಎರಡು ದಿನ ಏನನ್ನೂ ತಿನ್ನದೆ ಮೊಟ್ಟೆಯ ಬುತ್ತಿಯಲ್ಲೇ ಬದುಕುತ್ತದೆ. ಅನಂತರದ ಪ್ರೋಟೋಜೋಯಿಯಾ ಹಂತದಲ್ಲಿ ಸೂಕ್ಷ್ಮ ಪಾಚಿಗಳನ್ನು ತಿನ್ನತೊಡಗಿ, ಮೈಸಿಸ್ ಎಂಬ ಹಂತವನ್ನೂ ದಾಟಿ, ಎರಡು ವಾರಗಳೊಳಗೆ ನೂಲಿನೆಳೆಯಷ್ಟು ಸಣ್ಣ ಸಿಗಡಿಯಾಗುತ್ತದೆ. ತಾವು ಮರಿ ಎನ್ನುವುದು ಇದನ್ನು. ಉಬ್ಬರದ ನೀರನ್ನು ಹಿಡಿದು ಅದು ಅಳಿವೆಯೊಳಗೆ ಬಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ, ಕೆಸರು ಬಯಲಿನಲ್ಲಿ, ಗಜನಿಯಲ್ಲಿ ಕೆಲವು ತಿಂಗಳು ಬೆಳೆಯುತ್ತದೆ. ಬಿಳಿ ಸಿಗಡಿ ಅಲ್ಲಿ ಎಷ್ಟೇ ಬೆಳೆದರೂ ಮೊಟ್ಟೆಯಿಡುವುದಿಲ್ಲ; ಅದಕ್ಕೆ ಸಮುದ್ರಕ್ಕೇ ಮರಳಬೇಕು.

ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆರೆದು ಉಪ್ಪುನೀರು ಬಿಟ್ಟು ಸಿಗಡಿ ಎಂಬ ಅಘನಾಶಿನಿ ದಡದ ಕ್ರಮ ಈ ಜೀವನಚಕ್ರಕ್ಕೆ ತಕ್ಕಂತೆಯೇ ರೂಪುಗೊಂಡದ್ದು. ಕಗ್ಗದ ಹುಲ್ಲಿನ ಕೂಳೆ ಕೊಳೆತು ಮರಿಗಳ ಆಹಾರಕ್ಕೆ ಆಧಾರವಾಗುತ್ತದೆ. ಭತ್ತ ಬಿಟ್ಟು ವರ್ಷವಿಡೀ ನೀರು ನಿಲ್ಲಿಸಿದ ಗಜನಿಗಳಲ್ಲಿ ಆ ಸೊಗಸು ಉಳಿಯುವುದಿಲ್ಲ.

ಮರಿ ಕಡಿಮೆಯಾಗಲು ಕಾರಣ ಒಂದೇ ಇರಲಾರದು. ಸಮುದ್ರದಲ್ಲಿ ತಾಯಿ ಸಿಗಡಿ ಕಡಿಮೆಯಾದರೂ, ಕಾಂಡ್ಲಾ ಕಡಿದರೂ, ಅಳಿವೆಯ ಬಾಯಿಯಲ್ಲಿ ಮರಳು ಕಟ್ಟಿಕೊಂಡರೂ ಫಲ ಒಂದೇ. ತಮ್ಮ ಕೈಯಲ್ಲೇ ಇರುವ ಕಾರಣವೊಂದನ್ನು ಹೇಳಬಹುದು: ಇಳಿತದ ಹೊತ್ತು ಬಾಗಿಲಿಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಕಟ್ಟಿದರೆ ಸಮುದ್ರಕ್ಕೆ ಮರಳಬೇಕಾದ ಮರಿಯೂ ಅದರಲ್ಲೇ ಮುಗಿಯುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಷ್ಟು ಅನುಕೂಲವಿರುವ ಅಳಿವೆಗಳು ಪಶ್ಚಿಮ ಕರಾವಳಿಯಲ್ಲಿ ಹೆಚ್ಚಿಲ್ಲ.

ಪ್ರಶ್ನೆ: ಸಿಗಡಿ ಹುಟ್ಟುವಾಗ ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತದೆ ಎಂದು ಓದಿದೆ. ನಿಜವೇ?
— ಬೆಂಗಳೂರು

ನಮ್ಮ ಪೀನಿಯಿಡ್ ಸಿಗಡಿಗಳಲ್ಲಿ ನಿಜವಲ್ಲ; ಅವುಗಳಲ್ಲಿ ಗಂಡು ಗಂಡೇ, ಹೆಣ್ಣು ಹೆಣ್ಣೇ, ಹೆಣ್ಣು ಕೊಂಚ ದೊಡ್ಡದು. ತಾವು ಓದಿರುವುದು ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಸಿಗಡಿ ಪ್ಯಾಂಡಾಲಸ್ ಬೋರಿಯಾಲಿಸ್ ಕುರಿತು ಇರಬೇಕು. ಅದು ಮೊದಲ ಕೆಲವು ವರ್ಷ ಗಂಡಾಗಿ ಬಾಳಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು, ಚಳಿಗಾಲದಲ್ಲಿ ದಡದತ್ತ ಬಂದು ಮರಿ ಬಿಡುತ್ತದೆ. ಅಂಥ ಜಾತಿಯಲ್ಲಿ ದೊಡ್ಡದನ್ನು ಮಾತ್ರ ಹಿಡಿಯಬೇಕು ಎಂಬ ನಿಯಮ ಮಾಡಿದರೆ ಹಿಡಿಯುವುದೆಲ್ಲ ಹೆಣ್ಣೇ ಆಗುತ್ತದೆ. ಅಮೆರಿಕದ ಮೇನ್ ಕೊಲ್ಲಿಯಲ್ಲಿ ಈ ಸಿಗಡಿಯ ಚಳಿಗಾಲದ ಮೀನುಗಾರಿಕೆ ಹೆಸರುವಾಸಿಯಾಗಿತ್ತು. ನೀರು ಬಿಸಿಯಾಗಿ ಮರಿಗಳ ಉಳಿವು ಕುಸಿದ ಮೇಲೆ 2014ರಲ್ಲಿ ಅದನ್ನು ನಿಲ್ಲಿಸಲಾಯಿತು. ವರ್ಷಗಟ್ಟಲೆ ನಿಲ್ಲಿಸಿದರೂ ಸಂಖ್ಯೆ ಚೇತರಿಸಲಿಲ್ಲ. ಒಂದೆರಡು ವರ್ಷದಲ್ಲೇ ಜೀವನ ಮುಗಿಸುವ ನಮ್ಮ ಸಿಗಡಿಗಳಿಗೆ ಬೇಗ ಚೇತರಿಸಿಕೊಳ್ಳುವ ಶಕ್ತಿ ಹೆಚ್ಚು. ಆದರೆ ಹಳೆಯ ತಲೆಮಾರಿನ ಉಳಿಕೆ ಅವುಗಳಿಗೆ ಇಲ್ಲವೆಂಬುದು ಅದರ ಇನ್ನೊಂದು ಮುಖ: ಒಂದು ವರ್ಷದ ಮರಿ ಕೆಟ್ಟರೆ ಮರುವರ್ಷದ ಬಲೆಗೆ ನೇರವಾಗಿ ತಟ್ಟುತ್ತದೆ.

ಪ್ರಶ್ನೆ: ಸಾಕಿದ ಸಿಗಡಿ ತಿಂದರೆ ಸಮುದ್ರದ ಸಿಗಡಿ ಉಳಿಯುತ್ತದೆಯೇ? ಕಣ್ಣು ಕತ್ತರಿಸಿ ಮೊಟ್ಟೆ ಇಡಿಸುತ್ತಾರೆ ಎಂಬುದು ನಿಜವೇ?
— ಮಂಗಳೂರು

ಎರಡನೆಯದು ನಿಜ. ಸಿಗಡಿಯ ಕಣ್ಣಿನ ತೊಟ್ಟಿನಲ್ಲಿ ಅಂಡಾಶಯದ ಬೆಳವಣಿಗೆಯನ್ನು ತಡೆಯುವ ಹಾರ್ಮೋನಿನ ಗ್ರಂಥಿ ಇದೆ; ಒಂದು ತೊಟ್ಟನ್ನು ತೆಗೆದರೆ ತಡೆ ಸಡಿಲಿ, ತೊಟ್ಟಿಯಲ್ಲಿಟ್ಟ ಹೆಣ್ಣೂ ಬೇಗ ಬಲಿಯುತ್ತದೆ. ಪಾನೂಸ್ ಎಂಬ ಫ್ರೆಂಚ್ ವಿಜ್ಞಾನಿ 1943ರಲ್ಲಿ ಇದನ್ನು ತೋರಿಸಿದರು; ಮರಿ ಉತ್ಪಾದನಾ ಕೇಂದ್ರಗಳು ಅದನ್ನೇ ಬಳಸುತ್ತ ಬಂದಿವೆ. ಕ್ರೂರವೆಂಬ ಟೀಕೆ ಇರುವುದರಿಂದ ಈಗ ಹಲವೆಡೆ ಅದನ್ನು ಬಿಡುವ ಪ್ರಯತ್ನ ನಡೆದಿದೆ.

ಮೊದಲನೆಯದಕ್ಕೆ ಉತ್ತರ ಅಷ್ಟು ನೇರವಲ್ಲ. ಟೈಗರ್ ಸಿಗಡಿ ಸಾಕುತ್ತಿದ್ದ ಕಾಲದಲ್ಲಿ ತಾಯಿ ಸಿಗಡಿಯನ್ನು ಸಮುದ್ರದಿಂದಲೇ ಹಿಡಿದು ತರಬೇಕಿತ್ತು. 2009ರಿಂದ ನಮ್ಮಲ್ಲಿ ಸಾಕಲು ಅನುಮತಿ ಸಿಕ್ಕಿರುವ ವನ್ನಾಮಿ ಎಂಬ ಸಿಗಡಿ ಪೂರ್ವ ಪೆಸಿಫಿಕ್ ಮೂಲದ್ದು. ರೋಗಮುಕ್ತ ತಾಯಿ ಸಿಗಡಿಗಳನ್ನು ಹೊರದೇಶದಿಂದ ತರಿಸುವುದರಿಂದ ಆ ಹೊರೆ ಇಳಿದಿದೆ. ಆದರೆ ಸಾಕಿದ ಸಿಗಡಿಯ ಆಹಾರದಲ್ಲಿ ಮೀನಿನ ಹಿಟ್ಟು ಇದೆ, ಮತ್ತು ಆ ಹಿಟ್ಟಿಗೆ ಹೋಗುವ ಮೀನಿನಲ್ಲಿ ಟ್ರಾಲ್ ಬಲೆಯ ಎಳೆಯ ಮೀನೂ ಸೇರಿದೆ.

ಪ್ರಶ್ನೆ: ಅಮೆರಿಕವು ನಮ್ಮ ಸಮುದ್ರದ ಸಿಗಡಿಯನ್ನು ಕೊಳ್ಳದಿರುವುದಕ್ಕೂ ಕಡಲಾಮೆಗೂ ಏನು ಸಂಬಂಧ?
— ಭಟ್ಕಳ

ಆಮೆ ಪಾರಾಗುವ ಸಾಧನವಿಲ್ಲದ ಬಲೆಯಲ್ಲಿ ಹಿಡಿದ ಸಿಗಡಿಯನ್ನು ಆಮದು ಮಾಡಿಕೊಳ್ಳಬಾರದೆಂಬ ಕಾನೂನು ಅಮೆರಿಕದಲ್ಲಿ 1989ರಿಂದ ಇದೆ. ಅದರಡಿ 2019ರಿಂದ ಭಾರತದ ಸಮುದ್ರ ಸಿಗಡಿಗೆ ಅಲ್ಲಿ ತಡೆಯಾಯಿತು. ಸಾಕಿದ ಸಿಗಡಿಗೆ ಈ ತಡೆ ಅನ್ವಯಿಸುವುದಿಲ್ಲ. ಸಾಧನವೆಂದರೆ ಬಲೆಯ ಕತ್ತಿನಲ್ಲಿ ಓರೆಯಾಗಿ ಕೂರಿಸುವ, ಸರಳುಗಳಿರುವ ಅಂಡಾಕಾರದ ಚೌಕಟ್ಟು. ಸಿಗಡಿ ಸರಳುಗಳ ನಡುವೆ ತೂರಿ ಹಿಂದಿನ ಚೀಲಕ್ಕೆ ಹೋಗುತ್ತದೆ. ಉಸಿರಿಗಾಗಿ ಮೇಲೆ ಬರಲೇಬೇಕಾದ ಆಮೆ ಸರಳಿಗೆ ತಡೆದು, ಅಲ್ಲಿಯೇ ಇರುವ ಬಾಗಿಲಿನಿಂದ ಹೊರಬೀಳುತ್ತದೆ. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವ ಮಾದರಿಯನ್ನು ರೂಪಿಸಿದೆ. ಆಮೆಯೊಡನೆ ಸಿಗಡಿಯೂ ತಪ್ಪಿಸಿಕೊಳ್ಳುತ್ತದೆ ಎಂಬ ಅಳುಕಿನಿಂದ ಹಲವರು ಅದನ್ನು ಕಟ್ಟಿಸಿಕೊಳ್ಳಲು ಹಿಂಜರಿಯುತ್ತಾರೆ. ಓರೆಯ ಕೋನ ತಪ್ಪಿದಾಗ ಅಥವಾ ಬಾಗಿಲಿನ ಮೇಲಿನ ಹೊದಿಕೆ ಸಡಿಲವಾಗಿದ್ದಾಗ ಹಾಗೆ ಆಗುವುದೂ ಉಂಟು. ಆದ್ದರಿಂದ ಕಟ್ಟಿಸುವವರು ಅಳತೆ ಬಲ್ಲವರಿಂದಲೇ ಕೂರಿಸಿಕೊಂಡು, ಮೊದಲ ಕೆಲವು ಎಳೆತಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.